ಸಾತವ್ವನ ಎಮ್ಮೆಗಳ ಮೂವತ್ತು ದಿನ

ಉತ್ತರ ಇಂಗ್ಲೆಂಡ್
8 ಅಕ್ಟೋಬರ್ 2000

ಅಣ್ಣಾ,

ಇಲ್ಲಿಗೆ ಬಂದು ಮೂರು ವಾರವಾಯಿತು. ಚಳಿ, ಊಟ, ಕೋಣೆಯ ವಿಚಾರವೆಲ್ಲ ಅವ್ವನಿಗೆ ಫೋನಿನಲ್ಲಿ ಹೇಳಿದ್ದೇನೆ. ಓದಿನ ವಿಷಯ ನಿನಗೆ ಬರೆಯುತ್ತೇನೆ. ಅದನ್ನು ಕೇಳುವವನು ನೀನೊಬ್ಬನೇ.

ತರಗತಿಯಲ್ಲಿ ಹನ್ನೊಂದು ಜನ. ಉಳಿದ ಹತ್ತೂ ಜನರಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ನನಗೆ ಮೂವತ್ತು. ಬೆಳಗಾವಿಯ ಪಾಲಿಟೆಕ್ನಿಕ್‌ನಲ್ಲಿ ಆರು ವರ್ಷ ಪಾಠ ಹೇಳಿದವಳು ಇಲ್ಲಿ ಹಿಂದಿನ ಸಾಲಿನಲ್ಲಿ ಕೂತು ಪಕ್ಕದವರ ನೋಟ್ಸ್ ನೋಡುತ್ತೇನೆ. ನಾನು ಚಿತ್ರದಲ್ಲಿ ಮಾತ್ರ ಕಂಡ ಯಂತ್ರಗಳನ್ನು ಈ ಹುಡುಗರು ಮನೆಯ ಮಿಕ್ಸರ್ ಹಾಕಿದಂತೆ ಹಾಕುತ್ತಾರೆ. ಪ್ರಯೋಗಾಲಯ ಎಷ್ಟು ನಿಶ್ಶಬ್ದವೆಂದರೆ ತಲೆಯೇ ಓಡುವುದಿಲ್ಲ. ನೇಕಾರರ ವಡಗಾವಿಯ ಬಾಡಿಗೆ ಕೋಣೆಯಲ್ಲಿ ಮಗ್ಗದ ಸದ್ದಿನ ನಡುವೆ ಓದಿ ಅಭ್ಯಾಸವಾದವಳು ನಾನು.

ನಾನು ಮಾಡಿ ನಿನ್ನ ಕೈಗೆ ಕೊಟ್ಟು ಬಂದ ಡಬ್ಬಿಯನ್ನು ಜೋಪಾನ ಮಾಡು. ಅದರ ಎರಡು ಕಡ್ಡಿಗಳನ್ನು ಹಾಲಿನಲ್ಲಿ ಅದ್ದಿದರೆ, ಹಾಲಿನಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಂಕಿಯಲ್ಲಿ ತೋರಿಸುತ್ತದೆ. ಕೆಚ್ಚಲು ಬಾವು ಬಂದರೆ ಹಾಲಿನಲ್ಲಿ ಉಪ್ಪು ಹೆಚ್ಚುತ್ತದೆ, ಅಂಕಿ ಏರುತ್ತದೆ. ಬಾವು ಕಣ್ಣಿಗೆ ಕಾಣುವ ಮೊದಲೇ ಅಂಕಿಯಲ್ಲಿ ಕಾಣಬೇಕು. ಅಷ್ಟಕ್ಕೇ ನಾನು ಇಷ್ಟು ದೂರ ಬಂದದ್ದು.

ನಿನ್ನ ತಂಗಿ,
ಅನುರಾಧಾ

*

ಖಾನಾಪುರ
29 ಅಕ್ಟೋಬರ್ 2000

ಪ್ರೀತಿಯ ಅನು,

ನಿನ್ನ ಕಾಗದವನ್ನು ಹಾಲಿನ ಸಂಘದಲ್ಲೇ ಒಡೆದು ಓದಿದೆ. ಮುಂಜಾನೆಯ ಹಾಲು ಅಳೆದು ಮುಗಿದಿತ್ತು. ಬಾಳಾಸಾಹೇಬರು ಕ್ಯಾನ್ ಇಳಿಸುತ್ತ ಕೇಳಿದರು: "ಸತ್ಯಪ್ಪಾ, ನಿನ್ನ ತಂಗಿ ಸಿನಿಮಾ ಸೆನ್ಸಾರ್ ಕಲಿಯಾಕ ಹೋಗ್ಯಾಳಂತ, ಖರೇ ಏನ?" ಅದು ಸೆನ್ಸಾರ್ ಅಲ್ಲ, ಸೆನ್ಸರ್, ಅಳೆಯೋ ಯಂತ್ರ ಎಂದೆ. "ಅಳಿಯೂದು ನಿನಗ ಬರ್ತದಲ್ಲ, ಅದಕ್ಕ ಇಂಗ್ಲಂಡಿಗೆ ಯಾಕ ಹೋಗಬೇಕಿತ್ತು?" ಎಂದು ನಕ್ಕರು.

ಹದಿನಾರು ವರ್ಷದಿಂದ ಹಾಲು ಅಳೆಯುತ್ತಿದ್ದೇನೆ. ನೀರು ಬೆರೆಸಿದ ಹಾಲನ್ನು ಲ್ಯಾಕ್ಟೋಮೀಟರ್ ಅದ್ದುವ ಮೊದಲೇ ಗುರುತಿಸುತ್ತೇನೆ. ಕೆಚ್ಚಲಿಗೆ ಕೈ ಹಚ್ಚಿದರೆ ಬಾವು ಬರುತ್ತದೋ ಇಲ್ಲವೋ ಹೇಳುತ್ತೇನೆ. ಆದರೂ ನಿನ್ನ ಡಬ್ಬಿಯನ್ನು ಟ್ರಂಕಿನಲ್ಲಿ ಇಟ್ಟಿದ್ದೇನೆ, ಚಿಂತೆ ಬೇಡ.

ಹುಡುಗರ ನಡುವೆ ಹಿಂದೆ ಬಿದ್ದೆ ಎಂದು ಬರೆಯಬೇಡ. ಅವ್ವ ಕೇಳಿದರೆ ನೀನೇ ಮೊದಲ ನಂಬರು ಎಂದು ಹೇಳುತ್ತೇನೆ.

ಸತ್ಯಪ್ಪ

*

ಉತ್ತರ ಇಂಗ್ಲೆಂಡ್
14 ಜನವರಿ 2001

ಅಣ್ಣಾ,

ಮೊದಲ ನಂಬರು ಅಂತೂ ಅಲ್ಲ. ಒಂದು ಪರೀಕ್ಷೆಯಲ್ಲಿ ನಲವತ್ತೆಂಟು. ಐವತ್ತು ಬಂದರೆ ಪಾಸು. ಮತ್ತೆ ಬರೆಯಬೇಕು. ಸಿಟ್ಟು ಬಂದಿರುವುದು ನನ್ನ ಮೇಲೆಯೇ. ಇದನ್ನು ಅವ್ವನಿಗೆ ಹೇಳಬೇಡ.

ಒಂದು ಒಳ್ಳೆಯ ಸುದ್ದಿಯಿದೆ. ನನ್ನ ಹಾಲಿನ ಸೆನ್ಸರನ್ನೇ ಪ್ರಬಂಧದ ವಿಷಯವಾಗಿ ಒಪ್ಪಿದ್ದಾರೆ. ಮಾರ್ಗದರ್ಶಕರು ಡಾ. ಪಾರ್ಕಿನ್. ಹನ್ನೆರಡು ಮೈಲಿ ದೂರದ ಒಂದು ಫಾರ್ಮಿನಲ್ಲಿ ನೂರಿಪ್ಪತ್ತು ಆಕಳಿವೆ. ಮಾರ್ಚ್‌ನಿಂದ ವಾರಕ್ಕೆ ಎರಡು ದಿನ ಅಲ್ಲಿಗೆ ಹೋಗಿ ಅಳೆಯುತ್ತೇನೆ.

ನಿನ್ನಿಂದ ಒಂದು ಕೆಲಸ ಆಗಬೇಕು. ಸಂಘಕ್ಕೆ ಹಾಲು ಹಾಕುವ ಸಾತವ್ವನ ಏಳು ಎಮ್ಮೆಗಳ ಹಾಲನ್ನು ಮೂವತ್ತು ದಿನ, ದಿನಾ ಮುಂಜಾನೆ ಅಳೆದು ಬರೆದಿಡು. ಯಾವ ಎಮ್ಮೆಗೆ ಬಾವು ಇದೆ, ಯಾವುದಕ್ಕೆ ಇಲ್ಲ, ಅದನ್ನೂ ಪಕ್ಕದಲ್ಲಿ ಬರೆ. ಪ್ರಬಂಧಕ್ಕೆ ಸಣ್ಣದೊಂದು ಅಧ್ಯಾಯವಾಗುತ್ತದೆ. ಇಲ್ಲಿ ಯಾರೂ ಎಮ್ಮೆಯ ಹಾಲು ಕಂಡವರಲ್ಲ. ಆರೋಗ್ಯವಿದ್ದರೆ ಅಂಕಿ ನಾಲ್ಕರಿಂದ ಐದೂವರೆಯೊಳಗೆ ಬರುತ್ತದೆ, ಬಾವು ಇದ್ದರೆ ಆರು ದಾಟುತ್ತದೆ. ಈ ಲೆಕ್ಕ ಇಟ್ಟುಕೊಂಡು ನೋಡು.

ಅನು

*

ಖಾನಾಪುರ
11 ಫೆಬ್ರವರಿ 2001

ಪ್ರೀತಿಯ ಅನು,

ಬುಧವಾರದಿಂದ ಶುರು ಮಾಡಿದ್ದೇನೆ. ಮೊದಲ ದಿನ ಡಬ್ಬಿ ನೋಡಿ ಸಾತವ್ವ ಎಮ್ಮೆಗೆ ಅಡ್ಡ ನಿಂತಳು. "ನನ್ನ ಎಮ್ಮಿಗೆ ಕರೆಂಟ್ ಹಚ್ಚತೀ ಏನ? ಹಾಲು ಬತ್ತಿ ಹೋದರ ನಿನ್ನ ತಂಗಿ ಬಂದು ಹಿಂಡತಾಳೇನ?" ಕರೆಂಟ್ ಎಮ್ಮೆಗೆ ಅಲ್ಲ, ಬಟ್ಟಲದಾಗಿನ ಹಾಲಿಗೆ ಎಂದು ನನ್ನ ಬೆರಳನ್ನೇ ಅದ್ದಿ ತೋರಿಸಿದೆ. ಅಷ್ಟಾದ ಮೇಲೆ, "ಹಂಗಾದ್ರ ಅಳಿ. ಆದ್ರ ಕರಿ ಎಮ್ಮಿ ಹತ್ರ ಹೋಗಬ್ಯಾಡ, ಅದಕ್ಕ ಗಂಡಸರಂದ್ರ ಆಗೂದಿಲ್ಲ" ಎಂದಳು.

ಒಂದು ಮಾತು ಕೇಳುವುದಿದೆ. ಅಂಕಿ ನೀನು ಹೇಳಿದ್ದಕ್ಕಿಂತ ಕಡಿಮೆ ಬಂದರೆ ಏನರ್ಥ?

ಬ್ರಿಟನ್ನಿನ ಚಳಿಯ ಮಾತು ಅವ್ವನ ಬಾಯಲ್ಲಿ ದಿನಾ ಬರುತ್ತದೆ. ಸ್ವೆಟರ್ ಹಾಕಿಕೋ ಎಂದು ಹೇಳಿದ್ದಾಳೆ.

ಸತ್ಯಪ್ಪ

*

ಉತ್ತರ ಇಂಗ್ಲೆಂಡ್
4 ಮಾರ್ಚ್ 2001

ಅಣ್ಣಾ,

ಅಂಕಿ ಕಡಿಮೆ ಬಂದರೆ ಬಟ್ಟಲಿನಲ್ಲಿ ನೀರು ಉಳಿದಿದೆ ಎಂದರ್ಥ. ತೊಳೆದು, ಒಣಬಟ್ಟೆಯಿಂದ ಒರೆಸಿ ಆಮೇಲೆ ಅಳೆ. ಇದನ್ನೆಲ್ಲ ಹೊರಡುವ ಮೊದಲೇ ಹೇಳಿದ್ದೆ. ದಯವಿಟ್ಟು ಸರಿಯಾಗಿ ಮಾಡು. ಮತ್ತು ಬೇಗ ಕಳಿಸು.

ಇಲ್ಲಿ ದನಗಳಿಗೆ ಕಾಲುಬಾಯಿ ಬೇನೆ ಬಂದಿದೆ. ಕೆಲವು ದಿನ ಫಾರ್ಮಿಗೆ ಹೋಗುವುದು ತಡವಾಗಬಹುದು. ದೊಡ್ಡ ವಿಷಯವೇನಲ್ಲ. ಪರೀಕ್ಷೆ ಮತ್ತೆ ಬರೆದೆ, ಐವತ್ತೆರಡು ಬಂತು.

ಅನು

*

ಖಾನಾಪುರ
25 ಮಾರ್ಚ್ 2001

ಪ್ರೀತಿಯ ಅನು,

ಮೂವತ್ತು ದಿನದ ಅಂಕಿಗಳನ್ನು ಇದರ ಜೊತೆ ಇಟ್ಟಿದ್ದೇನೆ. ಒಂದು ದಿನವೂ ತಪ್ಪಿಲ್ಲ. ಮೂರನೆಯ ಮತ್ತು ಐದನೆಯ ಎಮ್ಮೆಗೆ ಬಾವು ಇತ್ತು, ಅವುಗಳ ಅಂಕಿ ಆರು ದಾಟಿದೆ. ಉಳಿದವು ನೀನು ಹೇಳಿದ ಹಾಗೇ ಇವೆ. ನಿನ್ನ ಡಬ್ಬಿ ಪಾಸಾಗಿದೆ ಎಂದು ತಿಳಿ.

ನಿಮ್ಮಲ್ಲಿ ಕಾಲುಬಾಯಿ ಬಂದ ದನಗಳನ್ನು ಗುಂಡಿಟ್ಟು ಕೊಂದು ಸುಡುತ್ತಾರೆಂದು ಪೇಪರಿನಲ್ಲಿ ಬಂದಿದೆ. ಸಾತವ್ವನಿಗೆ ಓದಿ ಹೇಳಿದೆ. ಅವಳು ನಂಬಲಿಲ್ಲ. "ಬೇನಿ ಬಂದ್ರ ಕಾಲು ತೊಳದು, ಗಂಜಿ ಕುಡಿಸಿ, ಹದಿನೈದು ದಿನಾ ಕಾಯಬೇಕು. ಸುಡತಾರಂತ, ಅವರಿಗೇನು ಬ್ಯಾಸರಾ?" ಎಂದಳು. ನಿನ್ನ ಫಾರ್ಮಿನ ಆಕಳುಗಳು ಚೆನ್ನಾಗಿವೆ ತಾನೆ?

ಇಲ್ಲಿ ಎಲ್ಲರೂ ಆರಾಮ.

ಸತ್ಯಪ್ಪ

*

ಉತ್ತರ ಇಂಗ್ಲೆಂಡ್
22 ಏಪ್ರಿಲ್ 2001

ಅಣ್ಣಾ,

ನಿನ್ನ ಅಂಕಿಗಳನ್ನು ಗ್ರಾಫಿನಲ್ಲಿ ಬರೆದೆ. ಎಷ್ಟು ಚೆನ್ನಾಗಿ ಬಂದಿದೆ ಎಂದರೆ, ಆರೋಗ್ಯದ ಹಾಲು ಕೆಳಗೆ, ಬಾವಿನ ಹಾಲು ಮೇಲೆ, ನಡುವೆ ಖಾಲಿ ಜಾಗ. ಡಾ. ಪಾರ್ಕಿನ್ ಅದನ್ನು ತಮ್ಮ ಗುಂಪಿನವರೆಲ್ಲರ ಮುಂದೆ ಪರದೆಯ ಮೇಲೆ ತೋರಿಸಿದರು. ಏಳು ತಿಂಗಳಲ್ಲಿ ಮೊದಲ ಸಲ ಆ ಹತ್ತು ಹುಡುಗರು ತಿರುಗಿ ನನ್ನನ್ನು ನೋಡಿದರು.

ಬೇಗ ಬರೆಯುತ್ತಿದ್ದೇನೆ, ಕೆಲಸ ಬಹಳ ಇದೆ. ಸಾತವ್ವನಿಗೆ ನನ್ನ ನಮಸ್ಕಾರ ಹೇಳು.

ಅನು

*

ಖಾನಾಪುರ
13 ಮೇ 2001

ಪ್ರೀತಿಯ ಅನು,

ನಿನ್ನ ಕಾಗದವನ್ನು ಅವ್ವನಿಗೆ ಮೂರು ಸಲ ಓದಿ ಹೇಳಿದೆ. ಮೂರನೆಯ ಸಲ ಅವಳು ಅತ್ತಳು.

ಈಗ ಒಂದು ವಿಷಯ ಹೇಳಬಹುದು. ಫೆಬ್ರವರಿ ತಿಂಗಳಲ್ಲಿ ಅವ್ವನ ಪಿತ್ತಕೋಶದ ಆಪರೇಷನ್ ಆಯಿತು. ಹದಿನೈದನೆಯ ತಾರೀಖು ಬೆಳಗಾವಿಗೆ ಕರೆದುಕೊಂಡು ಹೋದೆ, ಇಪ್ಪತ್ನಾಲ್ಕಕ್ಕೆ ತಿರುಗಿ ಬಂದೆವು. ನಾನು, ನಿನ್ನ ಅತ್ತಿಗೆ ಪದ್ಮಾ ಇಬ್ಬರೂ ಅಲ್ಲೇ ಸದಾಶಿವನಗರದಲ್ಲಿ ಅವಳ ಅಕ್ಕ ಮಾಲಾಳ ಮನೆಯಲ್ಲಿ ಉಳಿದಿದ್ದೆವು. ನಿನಗೆ ಹೇಳಬೇಡ ಎಂದು ಅವ್ವನೇ ಆಣೆ ಹಾಕಿಸಿದ್ದಳು. "ಅಕಿ ಪರೀಕ್ಷಾ ಬಿಟ್ಟು ಓಡಿ ಬಂದ್ರ ನಾ ಆಪರೇಷನ್ನಾ ಮಾಡಿಸಿಕೊಳ್ಳೂದಿಲ್ಲ" ಎಂದು ಹಟ. ಈಗ ಎರಡು ರೊಟ್ಟಿ ತಿನ್ನುತ್ತಾಳೆ, ನನ್ನನ್ನು ಬೈಯುತ್ತಾಳೆ. ಪೂರಾ ಗುಣವಾಗಿದ್ದಾಳೆ.

ಸಿಟ್ಟಾಗಬೇಡ.

ಸತ್ಯಪ್ಪ

*

ಉತ್ತರ ಇಂಗ್ಲೆಂಡ್
27 ಮೇ 2001

ಸತ್ಯಪ್ಪಣ್ಣ,

ಅವ್ವನ ವಿಷಯ ಮುಚ್ಚಿಟ್ಟದ್ದಕ್ಕೆ ಸಿಟ್ಟಾದೆ. ಒಂದು ಗಂಟೆ ಅತ್ತೆ. ಆಮೇಲೆ ನೀನು ಬರೆದ ತಾರೀಖುಗಳನ್ನು ಮತ್ತೆ ಓದಿದೆ.

ಫೆಬ್ರವರಿ ಹದಿನೈದರಿಂದ ಇಪ್ಪತ್ನಾಲ್ಕರವರೆಗೆ ನೀನು ಬೆಳಗಾವಿಯಲ್ಲಿದ್ದೆ. ಆ ಹತ್ತು ದಿನಗಳ ಅಂಕಿಗಳು ನನ್ನ ಮೇಜಿನ ಮೇಲಿವೆ. ಏಳು ಎಮ್ಮೆ, ಹತ್ತು ದಿನ, ಎಪ್ಪತ್ತು ಅಂಕಿ. ನಿನ್ನದೇ ಅಕ್ಷರ. ಯಾರು ಅಳೆದರು? ಡಬ್ಬಿ ಬಳಸಲು ಊರಿನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ.

ಆಮೇಲೆ ಉಳಿದ ದಿನಗಳನ್ನೂ ನೋಡಿದೆ. ಈಗ ಎಲ್ಲವೂ ಕಾಣುತ್ತದೆ. ಒಂದು ದಿನವೂ ಎಮ್ಮೆ ಒದ್ದಿಲ್ಲ. ಒಂದು ಸಲವೂ ಬ್ಯಾಟರಿ ಮುಗಿದಿಲ್ಲ. ಒಂದು ಅಂಕಿಯೂ ನಾನು ಹೇಳಿದ ಗೆರೆಯ ತಪ್ಪು ಬದಿಗೆ ಬಿದ್ದಿಲ್ಲ. ನಾನು ಆರು ವರ್ಷ ವಿದ್ಯಾರ್ಥಿಗಳ ಜರ್ನಲ್ ತಿದ್ದಿದವಳು. ಇಂಥ ಅಂಕಿಗಳನ್ನು ಕಂಡರೆ ಅವರನ್ನು ಹೊರಗೆ ನಿಲ್ಲಿಸುತ್ತಿದ್ದೆ. ನಿನ್ನ ಅಕ್ಷರ ಎಂದು ನೋಡದೇ ನಂಬಿದೆ.

ನಾನೂ ನಿನಗೆ ಒಂದು ಸಂಗತಿ ಹೇಳಿರಲಿಲ್ಲ. ಮಾರ್ಚ್‌ನಲ್ಲೇ ನಾನು ಒಂದು ದಿನವೂ ಅಳೆಯುವ ಮೊದಲೇ, ಆ ಫಾರ್ಮಿನ ಬಾಗಿಲು ಮುಚ್ಚಿತು. ನೂರಿಪ್ಪತ್ತು ಆಕಳನ್ನೂ ಕೊಂದರು. ಇಲ್ಲಿ ನನಗೆ ಅಳೆಯಲು ಕೊಟ್ಟಿಗೆಯ ಒಂದು ಹನಿ ಹಾಲು ಸಿಗುವುದಿಲ್ಲ. ನಿನ್ನ ಮೂವತ್ತು ದಿನ ಈಗ ಸಣ್ಣ ಅಧ್ಯಾಯವಲ್ಲ, ಪ್ರಬಂಧವೇ ಅದರ ಮೇಲೆ ನಿಂತಿದೆ.

ನಾಳೆ ಡಾ. ಪಾರ್ಕಿನ್‌ರ ಬಳಿ ಹೋಗಿ ಹೇಳುತ್ತೇನೆ. ಏನೆಂದು ಹೇಳಲಿ? ನನ್ನ ಅಣ್ಣ ಸುಳ್ಳು ಬರೆದ ಎಂದೇ?

ಅನುರಾಧಾ

*

ಖಾನಾಪುರ
10 ಜೂನ್ 2001

ಅನು,

ಹೌದು, ಹಾಗೆಂದೇ ಹೇಳು.

ನಿಜವಾಗಿ ಅಳೆದದ್ದು ನಾಲ್ಕು ದಿನ. ಐದನೆಯ ದಿನ ಕರಿ ಎಮ್ಮೆ ಒದ್ದಿತು, ಡಬ್ಬಿ ಗಂಜಲದ ಕಾಲುವೆಗೆ ಬಿತ್ತು, ಮತ್ತೆ ಅಂಕಿ ತೋರಿಸಲಿಲ್ಲ. ನಿನಗೆ ಬರೆಯಬೇಕೆಂದು ಪೆನ್ನು ಹಿಡಿದೆ. ಪರೀಕ್ಷೆಯಲ್ಲಿ ನಲವತ್ತೆಂಟು ಬಂದ ಹುಡುಗಿಗೆ ಡಬ್ಬಿಯೂ ಒಡೆಯಿತು ಎಂದು ಹೇಗೆ ಬರೆಯಲಿ? ಮುಂದೆ ಅವ್ವನ ಗಡಿಬಿಡಿ ಬಂತು.

ನಾನು ಗಾಳಿಯಿಂದ ಬರೆದದ್ದಲ್ಲ. ಕೈ ಹಚ್ಚಿ ನೋಡಿ ಯಾವ ಎಮ್ಮೆಗೆ ಬಾವು ಇದೆ ಎಂದು ನನಗೆ ಗೊತ್ತಿತ್ತು. ಮೂರನೆಯದು, ಐದನೆಯದು. ಅದು ಸುಳ್ಳಲ್ಲ. ಡಬ್ಬಿ ಇದ್ದಿದ್ದರೆ ಏನು ತೋರಿಸುತ್ತಿತ್ತೋ ಅದನ್ನು ಬರೆದೆ ಎಂದುಕೊಂಡೆ. ನಿನ್ನ ಸಣ್ಣ ಅಧ್ಯಾಯಕ್ಕೆ ಅಷ್ಟು ಸಾಕು ಎನಿಸಿತು. ಎಲ್ಲವೂ ಅದರ ಮೇಲೆ ನಿಂತಿದೆ ಎಂದು ನೀನು ಹೇಳಿದ್ದರೆ, ಅವ್ವನಾಣೆ, ಬರೆಯುತ್ತಿರಲಿಲ್ಲ. ದೊಡ್ಡ ವಿಷಯವೇನಲ್ಲ ಎಂದು ಬರೆದವಳು ನೀನು.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಆ ನಾಲ್ಕು ದಿನ ಡಬ್ಬಿ ಮೂರು, ಮೂರೂವರೆ ತೋರಿಸುತ್ತಿತ್ತು. ಬಟ್ಟಲನ್ನು ಒರೆಸಿಯೇ ಅಳೆದಿದ್ದೆ ಅನು, ನಿನ್ನ ಬೈಗುಳ ಬರುವ ಮೊದಲೇ. ನಿನ್ನ ಕಾಗದ ಓದಿ, ತಪ್ಪು ನನ್ನ ಕೈಯದೇ ಇರಬೇಕು, ಓದಿದವಳು ಅವಳು ಎಂದುಕೊಂಡು ಆ ನಾಲ್ಕು ದಿನವನ್ನೂ ತಿದ್ದಿದೆ.

ಸತ್ಯಪ್ಪ

*

ಖಾನಾಪುರ
8 ಜುಲೈ 2001

ಅನು,

ನಾಲ್ಕು ವಾರವಾಯಿತು, ಉತ್ತರವಿಲ್ಲ. ಅವ್ವನೊಡನೆ ಫೋನಿನಲ್ಲಿ ಮಾತಾಡುತ್ತೀ, ನಾನು ಬಂದ ಕೂಡಲೇ ಇಡುತ್ತೀ. ಇರಲಿ.

ಡಬ್ಬಿಯನ್ನು ಬಸ್‌ ಸ್ಟ್ಯಾಂಡಿನ ಬಾಜು ರೇಡಿಯೋ ರಿಪೇರಿ ಮಾಡುವ ನಾಸೀರನಿಗೆ ಕೊಟ್ಟಿದ್ದೆ. ಅವನು ಬಿಚ್ಚಿ ನೋಡಿ ಹೇಳಿದ: "ಸತ್ಯಪ್ಪಾ, ಇದನ್ನ ಮಾಡಿದವರ ಕೈ ಭಾಳ ಸಾಫ್ ಐತಿ. ಎರಡು ವಾಯರ್ ಕಡದಾವ, ಅಷ್ಟ. ಇದಕ್ಕ ಇಷ್ಟು ದಿನಾ ಯಾಕ ಕಾದಿ?" ಎರಡು ತಂತಿ, ಅನು. ಕಾಲು ಗಂಟೆಯ ಕೆಲಸ.

ಉಪ್ಪುನೀರಿನ ಬಾಟಲಿ ಕೊಟ್ಟಿದ್ದೆಯಲ್ಲ, ಡಬ್ಬಿ ಸರಿ ಇದೆಯೇ ನೋಡಲು. ಅದರಲ್ಲಿ ಅದ್ದಿದೆ. ನೀನು ಬಾಟಲಿಯ ಮೇಲೆ ಬರೆದ ಅಂಕಿಯೇ ಬಂತು. ಹಾಗಾಗಿ ಡಬ್ಬಿ ಸರಿ ಇದೆ. ಸೋಮವಾರದಿಂದ ಮತ್ತೆ ಅಳೆಯುತ್ತಿದ್ದೇನೆ. ನಿನಗೆ ಬೇಕೋ ಬೇಡವೋ ಗೊತ್ತಿಲ್ಲ.

ಸತ್ಯಪ್ಪ

*

ಖಾನಾಪುರ
5 ಆಗಸ್ಟ್ 2001

ಅನು,

ಇದನ್ನು ಬೆಳಗಾವಿಗೆ ಹೋಗಿ ಕೊರಿಯರ್‌ನಲ್ಲಿ ಹಾಕುತ್ತೇನೆ. ಮೂವತ್ತು ದಿನದಲ್ಲಿ ಇಪ್ಪತ್ತಾರು ದಿನದ ಅಂಕಿ ಇದೆ. ಉಳಿದ ನಾಲ್ಕು ದಿನ ಯಾಕೆ ಇಲ್ಲ ಎಂದು ಪಕ್ಕದಲ್ಲಿ ಬರೆದಿದ್ದೇನೆ. ಏಳನೆಯ ದಿನ ಸಾತವ್ವ ಮೊಮ್ಮಗಳ ಮದುವೆ ಮಾತಿಗೆ ಹೋಗಿದ್ದಳು, ಎಮ್ಮೆಗಳು ಬೇರೆ ಕೈಗೆ ಹಾಲು ಬಿಡಲಿಲ್ಲ. ಎರಡು ದಿನ ಮಲಪ್ರಭೆ ಉಕ್ಕಿ ದಾರಿ ಮುಚ್ಚಿತ್ತು. ಒಂದು ದಿನ ಬ್ಯಾಟರಿ ಮುಗಿದಿತ್ತು.

ಅಂಕಿ ನೋಡಿದರೆ ನಿನಗೆ ಸಿಟ್ಟು ಬರುತ್ತದೆ. ಚೆನ್ನಾಗಿರುವ ಎಮ್ಮೆಗಳಿಗೆ ಮೂರರ ಆಸುಪಾಸು. ಈ ಸಲ ಬಾವು ಇರುವುದು ಎರಡನೆಯ ಎಮ್ಮೆಗೆ, ಕೆಚ್ಚಲು ಕಲ್ಲಿನಂತಾಗಿದೆ, ಹಾಲಿನಲ್ಲಿ ಗಂಟುಗಂಟಾಗಿ ಗರಣೆ ಬರುತ್ತಿದೆ. ಅದರ ಅಂಕಿ ನಾಲ್ಕೂಮುಕ್ಕಾಲು. ಅಂದರೆ ನಿನ್ನ ಲೆಕ್ಕದಲ್ಲಿ ಅದು ಆರೋಗ್ಯವಾಗಿದೆ! ಡಬ್ಬಿಯ ಮಾತು ಕೇಳಿದ್ದರೆ ಸಾತವ್ವನ ಎಮ್ಮೆಯ ಮೊಲೆ ಸತ್ತುಹೋಗುತ್ತಿತ್ತು.

ತಿದ್ದಬೇಕು ಎಂದು ಕೈ ಬರುತ್ತಿತ್ತು. ತಿದ್ದಿಲ್ಲ.

ಸತ್ಯಪ್ಪ

*

ಉತ್ತರ ಇಂಗ್ಲೆಂಡ್
30 ಸೆಪ್ಟೆಂಬರ್ 2001

ಅಣ್ಣಾ,

ನಾಲ್ಕು ತಿಂಗಳು ಬರೆಯಲಿಲ್ಲ. ಕಾಗದ ತೆಗೆದುಕೊಳ್ಳುತ್ತಿದ್ದೆ, ಬೈಗುಳ ಬಿಟ್ಟು ಬೇರೇನೂ ಬರುತ್ತಿರಲಿಲ್ಲ, ಹರಿದು ಹಾಕುತ್ತಿದ್ದೆ.

ಡಾ. ಪಾರ್ಕಿನ್‌ರಿಗೆ ಮೇ ತಿಂಗಳಲ್ಲೇ ಹೇಳಿದೆ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಆ ಅಧ್ಯಾಯ ತೆಗೆಯಿರಿ, ಉಳಿದದ್ದನ್ನು ಕೊಡಿ ಎಂದರು. ಉಳಿದದ್ದು ಎಂದರೆ ಪ್ರಯೋಗಾಲಯದ ಉಪ್ಪುನೀರು. ನಿನ್ನ ಕೊರಿಯರ್ ಬಂದದ್ದು ಆಗಸ್ಟ್ ಹದಿನಾರಕ್ಕೆ. ಪ್ರಬಂಧ ಒಪ್ಪಿಸಲು ಇಪ್ಪತ್ತೆರಡು ದಿನ ಉಳಿದಿತ್ತು. ಲಕೋಟೆಯನ್ನು ಎರಡು ದಿನ ಒಡೆಯಲೇ ಇಲ್ಲ. ಮೂರನೆಯ ದಿನ ಒಡೆದೆ. ಮೊದಲು ಅಂಕಿ ನೋಡಲಿಲ್ಲ, ಅಂಕಿ ಇಲ್ಲದ ನಾಲ್ಕು ದಿನ ನೋಡಿದೆ. ಅವನ್ನು ಓದಿದ ಮೇಲೆ ಉಳಿದದ್ದನ್ನು ನಂಬಿದೆ.

ಎಮ್ಮೆಯ ಹಾಲಿನಲ್ಲಿ ಕೊಬ್ಬು ಹೆಚ್ಚು, ಕರೆಂಟು ಸಲೀಸಾಗಿ ಹರಿಯುವುದಿಲ್ಲ. ಆಕಳಿಗೆಂದು ಹಾಕಿದ ಗೆರೆ ಎಮ್ಮೆಗೆ ನಡೆಯುವುದಿಲ್ಲ. ಇಷ್ಟೇ ವಿಷಯ. ಎಮ್ಮೆಯ ಹಾಲು ಕುಡಿದೇ ಬೆಳೆದ ನನಗೆ ಇದು ಹೊಳೆಯಲಿಲ್ಲ. ಫೆಬ್ರವರಿಯಲ್ಲಿ ನೀನು ಕೇಳಿದ್ದೆ, ಅಂಕಿ ಕಡಿಮೆ ಬಂದರೆ ಏನರ್ಥ ಎಂದು. ನಾನು ಬಟ್ಟಲು ಒರೆಸು ಎಂದೆ. ನೀನು ಅಂಕಿ ತಿದ್ದಿದ್ದು ತಪ್ಪು. ಆದರೆ ತಿದ್ದುವಂತೆ ಮಾಡಿದವಳು ನಾನು.

ಹದಿನೆಂಟು ದಿನದಲ್ಲಿ ಅಧ್ಯಾಯವನ್ನು ಹೊಸದಾಗಿ ಬರೆದೆ. ನನ್ನ ಸಾಧನ ಎಮ್ಮೆಗಳಿಗೆ ಕೆಲಸ ಮಾಡುವುದಿಲ್ಲ ಎಂದು ಮೊದಲ ವಾಕ್ಯದಲ್ಲೇ ಬರೆದೆ. ಹೊರಗಿನಿಂದ ಬಂದ ಪರೀಕ್ಷಕರು ಏಳನೆಯ ದಿನ ಯಾಕೆ ಖಾಲಿ ಎಂದು ಕೇಳಿದರು. ಸಾತವ್ವ ಮದುವೆ ಮಾತಿಗೆ ಹೋಗಿದ್ದಳು, ಎಮ್ಮೆಗಳು ಬೇರೆಯವರಿಗೆ ಹಾಲು ಬಿಡಲಿಲ್ಲ ಎಂದೆ. ಅವರು ಕನ್ನಡಕ ತೆಗೆದು ನಕ್ಕರು. "ಇದನ್ನು ಯಾರೂ ಕಲ್ಪಿಸಿ ಬರೆಯಲಾರರು" ಎಂದರು. ಯಾರು ಅಳೆದದ್ದು ಎಂದು ಕೇಳಿದರು. ನಿನ್ನ ಹೆಸರು ಹೇಳಿದೆ. ಹದಿನಾರು ವರ್ಷದಿಂದ ಹಾಲು ಅಳೆಯುವವನು ಎಂದೆ.

ಪಾಸಾಗಿದ್ದೇನೆ. ಬರೀ ಪಾಸು. ಒಳ್ಳೆಯ ದರ್ಜೆ ಬಂದಿದ್ದರೆ ಇಲ್ಲಿಯೇ ಮೂರು ವರ್ಷ ಸಂಶೋಧನೆಗೆ ಉಳಿಯಬಹುದಿತ್ತು. ಏಪ್ರಿಲ್‌ನಲ್ಲಿ ಆ ಗ್ರಾಫು ನೋಡಿ ಡಾ. ಪಾರ್ಕಿನ್ ಆ ಮಾತು ಎತ್ತಿದ್ದರು. ನಿನಗೆ ಹೇಳಿರಲಿಲ್ಲ. ಆ ಜಾಗ ಈಗ ಆ ಹತ್ತು ಹುಡುಗರಲ್ಲಿ ಒಬ್ಬನಿಗೆ ಹೋಗಿದೆ. ಇದರ ಸಂಕಟ ಇನ್ನೂ ಇಳಿದಿಲ್ಲ. ಸಿಟ್ಟು ಹೋಯಿತು ಎಂದು ಬರೆದರೆ ಅದೂ ತಿದ್ದಿದ ಅಂಕಿಯಾಗುತ್ತದೆ. ಆದ್ದರಿಂದ ಬರೆಯುವುದಿಲ್ಲ.

ಅಕ್ಟೋಬರ್ ಇಪ್ಪತ್ತಕ್ಕೆ ಊರಿಗೆ ಬರುತ್ತೇನೆ. ಪಾಲಿಟೆಕ್ನಿಕ್‌ಗೆ ನವೆಂಬರ್ ಒಂದರಿಂದ ಹೋದರೆ ಸಾಕು. ನಡುವಿನ ಹತ್ತು ದಿನ ಸಾತವ್ವನ ಕೊಟ್ಟಿಗೆಯಲ್ಲಿ ನನ್ನ ಕೆಲಸ. ನೀನು ಮೊದಲು ಕೆಚ್ಚಲಿಗೆ ಕೈ ಹಚ್ಚಿ ಏನೆನ್ನಿಸುತ್ತದೋ ಅದನ್ನು ಒಂದು ಸಾಲಿನಲ್ಲಿ ಬರೆ. ಆಮೇಲೆ ನಾನು ಅಳೆದು ಇನ್ನೊಂದು ಸಾಲಿನಲ್ಲಿ ಬರೆಯುತ್ತೇನೆ. ಇಬ್ಬರೂ ಒಬ್ಬರ ಸಾಲನ್ನು ಇನ್ನೊಬ್ಬರು ನೋಡುವ ಹಾಗಿಲ್ಲ, ಹತ್ತು ದಿನ ಮುಗಿಯುವವರೆಗೆ.

ನಿನ್ನ ತಂಗಿ,
ಅನು